ಮೂರನೆಯ ಕರೆಗೆ ಕಾಯುತ್ತಾ

ಫೆಬ್ರುವರಿ ೪

ಪ್ರೀತಿಯ ಅಕ್ಕಾ,

ಮನೆಯ ವಿಳಾಸ ಬಿಟ್ಟು ನಿನ್ನ ಲಾಂಡ್ರಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಫೋನು ಭಾವನ ಜೇಬಿನಲ್ಲಿರುವ ತನಕ ನಮಗೆ ಅಂಚೆಯವನೇ ಗತಿ.

ನಿನ್ನೆ ಮಧ್ಯಾಹ್ನ ನಮ್ಮ ಕೃತಕ ಕಾಲಿನ ಕಾರ್ಖಾನೆಯಲ್ಲಿ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ನನ್ನೆದುರು ಕೂತಿದ್ದರು. ಅವರಿಗೆ ಮೊಣಕಾಲಿನ ಕೆಳಗೆ ಕಾಲಿಲ್ಲ. ಉಳಿದ ಮೊಂಡಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆಯುತ್ತಿದ್ದೆ. ಹೊಸ ಕಾಲು ನಿಲ್ಲುವುದು ಆ ಅಚ್ಚಿನ ಮೇಲೆ. ಪಟ್ಟಿ ಒಮ್ಮೆ ನೀರಿಗೆ ಬಿತ್ತೋ, ಆಮೇಲೆ ಅದು ಯಾರ ಮುಲಾಜೂ ನೋಡುವುದಿಲ್ಲ. ಕೈ ನಿಂತರೆ ಅಚ್ಚು ಕೆಟ್ಟಿತು. ಆಗಲೇ ಬೆನ್ನ ಹಿಂದೆ ಯಾರೋ, "ಇರುವೆ" ಅಂದರು.

ನನ್ನನ್ನು ಆ ಹೆಸರಿನಿಂದ ಕರೆಯುವವಳು ಲೋಕದಲ್ಲಿ ನೀನೊಬ್ಬಳೇ. ಧ್ವನಿಯೂ ನಿನ್ನದರ ಹಾಗೇ ಇತ್ತು. ತಿರುಗಿ ನೋಡಿದೆ. ಗೋಡೆಗೆ ಒರಗಿಸಿಟ್ಟ ಕಾಲುಗಳ ಸಾಲು ಬಿಟ್ಟರೆ ಯಾರೂ ಇರಲಿಲ್ಲ. ಆ ಕ್ಷಣದಲ್ಲಿ ಒಂದು ವಿಷಯ ನನಗೆ ಸ್ಪಷ್ಟವಾಗಿ ತಿಳಿಯಿತು, ಯಾರೋ ಕೈಗೆ ತಂದು ಕೊಟ್ಟ ಹಾಗೆ. ಎದ್ದು ನಿನ್ನ ಹತ್ತಿರ ಹೋಗಬೇಕು. ನಿನ್ನನ್ನು ಅಲ್ಲಿಂದ ಕರೆತರಬೇಕು.

"ಯಾರಮ್ಮಾ ಕರೆದ್ರು?" ಅಂದರು ಕಂಡಕ್ಟರ್. "ಇಳಿಯೋರಿದ್ರೆ ಮುಂದಿನ ಸ್ಟಾಪ್‌ನಲ್ಲಿ ಇಳೀರಿ. ನನ್ನ ಕಾಲು ಅರ್ಧ ಆಗಿದೆ."

ಪಕ್ಕದ ಮೇಜುಗಳವರೆಲ್ಲ ನಕ್ಕರು. ನಾನೂ ನಕ್ಕೆ. ಪಟ್ಟಿ ಅಷ್ಟರಲ್ಲಿ ಗಟ್ಟಿಯಾಗಿತ್ತು. ಒಡೆದು ಮತ್ತೆ ಮೊದಲಿನಿಂದ ಸುತ್ತಿದೆ.

ಅಮ್ಮನನ್ನು ಮಣ್ಣು ಮಾಡಿದ ದಿನ ನಿನ್ನ ತೋಳಿನ ಮೇಲಿನ ಕಲೆಗಳನ್ನು ನೋಡಿದಾಗಿನಿಂದ ಈ ಯೋಚನೆ ನನ್ನೊಳಗೆ ಇದ್ದೇ ಇದೆ. ಹಾಗಾಗಿ ಇದು ದೇವರ ಕರೆಯೋ, ನನ್ನ ಮನಸ್ಸಿನದೇ ಗದ್ದಲವೋ ಗೊತ್ತಾಗುತ್ತಿಲ್ಲ. ಅಪ್ಪ ಹೇಳುತ್ತಿದ್ದದ್ದು ನೆನಪಿದೆಯಲ್ಲ? ಮೊದಲ ಸಲ ಕೇಳಿಸಿದ್ದು ಗಾಳಿ, ಎರಡನೆಯದು ಆಸೆ, ಮೂರನೆಯದು ಮಾತ್ರ ದೇವರು. ಬೈಬಲಿನ ಕಥೆಯಲ್ಲಿ ದೇವಾಲಯದಲ್ಲಿ ಮಲಗಿದ್ದ ಆ ಹುಡುಗನನ್ನೂ ದೇವರು ಹೆಸರು ಹಿಡಿದು ಮತ್ತೆ ಮತ್ತೆ ಕರೆದದ್ದು, ಮೂರನೆಯ ಸಲವೇ ಅದು ದೇವರೆಂದು ತಿಳಿದದ್ದು ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಏನೇ ತೀರ್ಮಾನವಾದರೂ ಆ ಕಥೆಯ ಮೇಲೆಯೇ ಆಗುತ್ತಿತ್ತು. ಕಾಯುತ್ತೇನೆ, ಅಕ್ಕಾ.

ನಿನ್ನೆ ಮಧ್ಯಾಹ್ನ ನೀನು ಏನು ಮಾಡುತ್ತಿದ್ದೆ? ನಿಜ ಬರೆ.

ನಿನ್ನ ಇರುವೆ

*

ಫೆಬ್ರುವರಿ ೧೫

ಇರುವೆ,

ಇಸ್ತ್ರಿಕೋಣೆಯ ಹಬೆಯಲ್ಲಿ ಕೂತು ಬರೆಯುತ್ತಿದ್ದೇನೆ, ಕಾಗದ ಮೆತ್ತಗಾಗಿದ್ದರೆ ನನ್ನನ್ನು ಬೈಯಬೇಡ. ಅಂದು ಮಧ್ಯಾಹ್ನ ಏನೂ ಮಾಡುತ್ತಿರಲಿಲ್ಲ. ಬಾತ್‌ರೂಮಿನಲ್ಲಿ ಜಾರಿ ಬಿದ್ದೆ. ಎಡಗೈ ಮಣಿಕಟ್ಟು ಊದಿಕೊಂಡಿದೆ. ಒಂದು ಕೈಯಲ್ಲಿ ಅಂಗಿಯ ಕಾಲರ್ ಹಿಡಿದು ಇಸ್ತ್ರಿ ಎಳೆಯಲು ಆಗದ್ದರಿಂದ ಮೇಲ್ವಿಚಾರಕಿ ನನ್ನನ್ನು ಟವೆಲ್ ಮಡಚುವ ಮೇಜಿಗೆ ಹಾಕಿದ್ದಾಳೆ. "ನಿಮ್ಮನೇ ಬಾತ್‌ರೂಮಿಗೆ ಬುದ್ಧಿ ಹೇಳೋರು ಯಾರೂ ಇಲ್ವಾ?" ಅಂತ ಕೇಳಿದಳು. ಇದು ಅದರ ಮೊದಲನೆಯ ತಪ್ಪೇನಲ್ಲವಲ್ಲ.

ವೈದ್ಯರಿಗೆ ತೋರಿಸಿಲ್ಲ. ಬೇಡ ಅಂದರು ನಿನ್ನ ಭಾವ. ಊರಿನವರಿಗೆಲ್ಲ ಪ್ಲಾಸ್ಟರ್ ಹಾಕುವ ತಂಗಿ ಇದ್ದೂ ಸೀರೆಯ ಅಂಚು ಹರಿದು ಕಟ್ಟಿಕೊಂಡಿದ್ದೇನೆ, ನಗು ಬರುತ್ತದೆ.

ಅಪ್ಪನ ಮೂರರ ಲೆಕ್ಕ ನನಗೆ ನೆನಪಿರದೆ ಇರುತ್ತದೆಯೇ? ಇವರ ಕಡೆಯವರು ನನ್ನನ್ನು ಕೇಳಿಕೊಂಡು ಬಂದಾಗ ಅಪ್ಪ ಎರಡು ಸಲ ಇಲ್ಲವೆಂದರು. ಮೂರನೆಯ ಸಲವೂ ಬಂದರು. ಅಪ್ಪನ ಕಣ್ಣಲ್ಲಿ ನೀರು ಬಂತು, ದೇವರ ಚಿತ್ತವೆಂದು.

ಈಗ ಬರಬೇಡ. ಭಾನುವಾರ ಚರ್ಚಿನ ಸಭೆಯಲ್ಲಿ ಗಾಯಕವೃಂದದ ಮುಂದೆ ನಿಂತು ಇವರು ಹಾಡಿಸುವಾಗ ಮುದುಕಿಯರು ಕಣ್ಣೊರೆಸಿಕೊಳ್ಳುತ್ತಾರೆ. ಇವರ ಮೇಲೆ ನಿನ್ನ ಮಾತು ಯಾರು ನಂಬುತ್ತಾರೆ? ಯಾರಿಗೂ ಹೇಳಬೇಡ. ಸಭಾಪಾಲಕರಿಗಂತೂ ಬೇಡವೇ ಬೇಡ.

ಆದರೂ ಆ ಧ್ವನಿಯ ಬಗ್ಗೆ ಓದಿ ಸ್ವಲ್ಪ ಹೊತ್ತು ನನಗೆ ಟವೆಲ್ ಮಡಚಲು ಆಗಲಿಲ್ಲ.

ಅಕ್ಕ

*

ಮಾರ್ಚ್ ೬

ಅಕ್ಕಾ,

ಎರಡನೆಯದು ಬಂತು.

ಕೆಲಸ ಮುಗಿಸಿ ಬೋಗುಣಿಗೆ ಅಂಟಿದ ಪ್ಲಾಸ್ಟರ್ ಕೆರೆದು ತೆಗೆಯುತ್ತಿದ್ದೆ. ಎಲ್ಲರೂ ಚಹಾಕ್ಕೆ ಹೋಗಿದ್ದರು. ನಲ್ಲಿ ಹರಿಯುತ್ತಿತ್ತು. ಆ ಸದ್ದಿನ ಮೇಲಲ್ಲ, ಕೆಳಗಲ್ಲ, ಸದ್ದಿನ ಒಳಗೇ ಇತ್ತು ಅದು: "ಇರುವೆ, ಏಳು." ಮೊದಲ ಸಲ ಧ್ವನಿ ನಿನ್ನದರ ಹಾಗಿತ್ತು. ಈ ಸಲ ಯಾರದರ ಹಾಗೂ ಇರಲಿಲ್ಲ. ನಲ್ಲಿ ನಿಲ್ಲಿಸಿ, ಬೋಗುಣಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದೆ.

ದೇವರು ಮಾತಾಡಿದರೆ ಸಮಾಧಾನ ಸಿಗುತ್ತದೆ ಅಂದುಕೊಂಡಿದ್ದೆ. ಭಾನುವಾರ ಸಭೆಯಲ್ಲಿ ಎದ್ದು ನಿಂತು ದೇವರ ಬಗ್ಗೆ ಸಾಕ್ಷಿ ಹೇಳುವವರೆಲ್ಲ ಹಾಗೇ ಹೇಳುತ್ತಾರೆ. ನನಗೆ ಸಿಕ್ಕಿದ್ದು ಭಯ. ಆತನ ಭಯ ಒಂದು ಕಡೆ, ಭಾವನ ಭಯ ಇನ್ನೊಂದು ಕಡೆ. ಯಾವುದು ದೊಡ್ಡದೆಂದು ಕೇಳಬೇಡ, ಹೇಳಲು ನಾಚಿಕೆಯಾಗುತ್ತದೆ. ಅಮ್ಮನ ಸಮಾಧಿಯ ಹತ್ತಿರ ಭಾವ ನನ್ನ ಮೊಣಕೈ ಹಿಡಿದು ಎಷ್ಟು ಮೆಲ್ಲಗೆ ಮಾತಾಡಿದರು ಅಂತ ನಿನಗೆ ಹೇಳಿಲ್ಲ. "ನಿಮ್ಮಕ್ಕ ಸ್ವಲ್ಪ ಎಡವುತ್ತಾಳೆ. ನಿನಗೂ ಆ ಅಭ್ಯಾಸ ಬಾರದೇ ಇರಲಿ." ಅಷ್ಟೇ. ಹಿಡಿತವೂ ಬಿಗಿಯಾಗಿರಲಿಲ್ಲ. ಆದರೆ ಒಂದು ವಾರ ಆ ಮೊಣಕೈ ನನ್ನದಲ್ಲ ಅನ್ನಿಸುತ್ತಿತ್ತು.

ಬೇಡವೆಂದರೂ ಸಭಾಪಾಲಕರ ಹತ್ತಿರ ಹೋದೆ. ಒಬ್ಬಳೇ ಇದನ್ನು ಹೊರಲಾಗಲಿಲ್ಲ. ಅವರು ನಮ್ಮ ಊರಿನವರು, ಭಾವನನ್ನು ಒಂದೆರಡು ಸಮ್ಮೇಳನಗಳಲ್ಲಿ ನೋಡಿದ್ದಾರೆ, ಅಷ್ಟೇ. ಕಣ್ಣು ಮುಚ್ಚಿ ಎಲ್ಲ ಕೇಳಿದರು. "ಆತುರಪಡಬೇಡಿ ತಾಯಿ. ಮದುವೆ ದೇವರು ಕೂಡಿಸಿದ್ದು. ನಾನೂ ಪ್ರಾರ್ಥನೆ ಮಾಡ್ತೀನಿ, ನೀವೂ ಮಾಡಿ" ಅಂದರು. ಹೊರಗೆ ಬಂದಾಗ ನನಗೆ ಎಷ್ಟು ಹಗುರವಾಯಿತು ಗೊತ್ತಾ? ಹೋಗು ಅನ್ನಲಿಲ್ಲವಲ್ಲ ಎಂಬ ಹಗುರ.

ಕಾರ್ಖಾನೆಯಲ್ಲಿ ರಜೆ ಕೇಳುವುದು ಕಷ್ಟ. ನನ್ನ ಕೋಣೆ ಒಬ್ಬರಿಗೇ ಸಾಲದು. ಬೇಸಿಗೆ ಕಳೆಯಲಿ. ಮೂರನೆಯದು ಬಂದರೆ ಆ ಕ್ಷಣವೇ ಹೊರಡುತ್ತೇನೆ, ಆಣೆ.

ನಿನ್ನ ಇರುವೆ

*

ಮಾರ್ಚ್ ೨೧

ಇರುವೆ,

ನಿಮ್ಮ ಸಭಾಪಾಲಕರು ಇವರಿಗೆ ಫೋನ್ ಮಾಡಿದ್ದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ. ದಂಪತಿಗಳನ್ನು ಒಂದು ಮಾಡಬೇಕೆಂದು.

ಇವರು ಬೈಯಲಿಲ್ಲ. ಫೋನ್ ಇಟ್ಟು, ಕೈ ತೊಳೆದು, ಊಟಕ್ಕೆ ಕೂತು, "ಸಾರು ಚೆನ್ನಾಗಿದೆ" ಅಂದರು. ಇವರು ಕೂಗಿದರೆ ನನಗೆ ಗೊತ್ತು, ಎಲ್ಲಿ ನಿಲ್ಲಬೇಕು, ಮುಖ ಎತ್ತ ತಿರುಗಿಸಬೇಕು. ಈ ಶಾಂತಿಯಲ್ಲಿ ಎಲ್ಲಿ ನಿಲ್ಲಬೇಕೆಂದು ಗೊತ್ತಿಲ್ಲ.

ನಾಳೆಯಿಂದ ನನಗೆ ಲಾಂಡ್ರಿ ಇಲ್ಲ. "ಕೈ ಸರಿ ಇಲ್ಲ, ಯಾಕೆ ಕಷ್ಟ ಪಡ್ಬೇಕು" ಅಂತ ಇವರೇ ಬಂದು ಮೇಲ್ವಿಚಾರಕಿಗೆ ಹೇಳಿದರು. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಟವೆಲ್ ನೋಡುತ್ತಿದ್ದೆ. ಈ ಕಾಗದವನ್ನು ಅವಳ ಕೈಗೆ ಕೊಡುತ್ತಿದ್ದೇನೆ, ಅಂಚೆಗೆ ಹಾಕುತ್ತಾಳೆ.

ಇನ್ನು ಮೇಲೆ ಮನೆಗೇ ಬರೆ. ನಾಲ್ಕು ಕಣ್ಣು ಓದುತ್ತವೆಂದು ತಿಳಿದು ಬರೆ.

ನಿನ್ನ ಮೇಲೆ ನನಗೆ ಕೋಪವಿಲ್ಲ. ಇದ್ದರೂ ಈಗ ಅದಕ್ಕೆ ಸಮಯವಿಲ್ಲ.

ಅಕ್ಕ

*

ಏಪ್ರಿಲ್ ೭

ಕರ್ತನಲ್ಲಿ ಪ್ರಿಯಳಾದ ನಾದಿನಿಗೆ,

ಕೃಪೆಯೂ ಶಾಂತಿಯೂ ನಿನಗಿರಲಿ. ಲಾಂಡ್ರಿಯಲ್ಲಿ ನಿನ್ನ ಅಕ್ಕನ ಸಾಮಾನು ತರಲು ಹೋದಾಗ ನಿನ್ನ ಪತ್ರಗಳು ಸಿಕ್ಕವು. ಓದಿದೆ. ನಿನ್ನ ಅಕ್ಷರ ಎಷ್ಟು ದುಂಡಗಿದೆ! ಮಾವನವರು ನಿಮ್ಮಿಬ್ಬರಿಗೂ ಒಳ್ಳೆಯ ವಿದ್ಯೆ ಕೊಡಿಸಿದ್ದಾರೆ.

ದೇವರು ನಿನ್ನ ಜೊತೆ ಮಾತಾಡಿದನೆಂದು ತಿಳಿದು ಸಂತೋಷವಾಯಿತು. ನನ್ನ ಜೊತೆಯೂ ಮಾತಾಡುತ್ತಾನೆ. ನೀನು ಇಲ್ಲಿಗೆ ಬರಬೇಕೆಂದು ನನಗೆ ಹೇಳಿಲ್ಲ.

ಹೆಣ್ಣುಮಕ್ಕಳು ಒಂಟಿಯಾಗಿ ಇದ್ದಾಗ ಕಿವಿಯಲ್ಲಿ ಏನೇನೋ ಕೇಳಿಸುವುದುಂಟು. ಮಾವನವರ ಮಾತನ್ನು ಹಿಡಿದುಕೋ. ಮೂರನೆಯದಕ್ಕೆ ಕಾಯುವುದೇ ವಿಶ್ವಾಸ. ನಾನೂ ಕಾದವನೇ, ಕಾದದ್ದಕ್ಕೆ ನಿನ್ನ ಅಕ್ಕ ಸಿಕ್ಕಳು.

ಕಳೆದ ವಾರ ಕೆಲಸದ ಮೇಲೆ ನಿಮ್ಮ ಊರಿಗೆ ಬಂದಿದ್ದೆ. ಬಸ್ ನಿಲ್ದಾಣದ ಹಿಂದಿನ ಬೀದಿ, ನೀಲಿ ಗೇಟು, ಬಲಕ್ಕೆ ಎರಡನೆಯ ಕಿಟಕಿ. ನೀನು ಬಗ್ಗಿ ಕೆಲಸ ಮಾಡುತ್ತಿದ್ದೆ. ತುಂಬ ಹೊತ್ತು ನೋಡಿದೆ. ತೊಂದರೆ ಕೊಡುವುದು ಬೇಡವೆಂದು ಹಾಗೇ ಹಿಂದಿರುಗಿದೆ.

ನಿನಗಾಗಿ ದಿನವೂ ಪ್ರಾರ್ಥಿಸುವ,
ಭಾವ

*

ಏಪ್ರಿಲ್ ೨೬

ಪ್ರೀತಿಯ ಅಕ್ಕನಿಗೆ,

ಇಲ್ಲಿ ಎಲ್ಲರೂ ಕ್ಷೇಮ. ಸೆಖೆ ಜಾಸ್ತಿ. ಕಾರ್ಖಾನೆಯಲ್ಲಿ ನನ್ನ ಮೇಜನ್ನು ಕಿಟಕಿಯಿಂದ ದೂರಕ್ಕೆ ಎಳೆದುಕೊಂಡಿದ್ದೇನೆ, ಬಿಸಿಲು ಬೀಳುತ್ತದೆಂದು.

ಕಂಡಕ್ಟರ್ ಹೊಸ ಕಾಲು ಹಾಕಿಕೊಂಡು ನಡೆದರು. ಮೊದಲ ಹೆಜ್ಜೆಗೆ ಎಲ್ಲರೂ ಹೆದರುತ್ತಾರೆ, ಆಸರೆಗೆ ಹಿಡಿದ ಕಂಬಿ ಬಿಡುವುದಿಲ್ಲ. ಇವರೂ ಬಿಡಲಿಲ್ಲ. "ಭಯ ಹೋದ ಮೇಲೆ ನಡೀತೀನಿ" ಅಂದರು. ನಮ್ಮ ಮೇಸ್ತ್ರಿ ಅಂದರು: "ಅದು ನಡೆದ ಮೇಲೇ ಹೋಗೋದು ಯಜಮಾನ್ರೇ, ಮೊದಲು ಹೋಗಲ್ಲ."

ನಿನ್ನ ಕೈ ಹೇಗಿದೆ? ಭಾವನಿಗೆ ನಮಸ್ಕಾರ.

ಅಪ್ಪನ ಲೆಕ್ಕದಲ್ಲಿ ಇನ್ನೂ ಒಂದು ಬಾಕಿ ಇದೆ. ದಿನವೂ ಕಿವಿಗೊಟ್ಟು ಕೂರುತ್ತೇನೆ. ನಲ್ಲಿಯ ಸದ್ದು ಮಾತ್ರ ಇದೆ.

ಇತಿ,
ತಂಗಿ

*

ಮೇ ೧೧

ಪ್ರೀತಿಯ ತಂಗಿಗೆ,

ನಿನ್ನ ಪತ್ರ ತಲುಪಿತು. ನಾವು ಸುಖವಾಗಿದ್ದೇವೆ. ಕೈ ತನ್ನ ಇಷ್ಟದ ಹಾಗೆ ಕೂಡಿಕೊಂಡಿದೆ.

ಮನೆಯಲ್ಲೇ ಇರುವುದರಿಂದ ನಿನಗೆ ಬರೆಯಲು ಹೆಚ್ಚೇನೂ ಇಲ್ಲ. ಭಾನುವಾರದ ಮಕ್ಕಳ ಪಾಠವನ್ನು ಮಾತ್ರ ನಾನೇ ಮಾಡುತ್ತೇನೆ. ನಿಲ್ಲಿಸಿದರೆ ಜನ ಯಾಕೆಂದು ಕೇಳುತ್ತಾರೆ, ಮಾಡು ಅಂದರು ಇವರು. ಈ ಸಲದ ಪಾಠ ಬರೆಯುತ್ತೇನೆ, ನಿನ್ನ ಸಭೆಯ ಮಕ್ಕಳಿಗೂ ಉಪಯೋಗವಾದೀತು.

ದೇವಾಲಯದಲ್ಲಿ ಮಲಗಿದ್ದ ಹುಡುಗನ ಕಥೆಯೇ. ಎಷ್ಟು ವರ್ಷ ಕಲಿಸಿದ್ದೇನೋ! ಈ ಸಲ ಮಕ್ಕಳಿಂದ ಆಡಿಸೋಣವೆಂದು ಒಬ್ಬನನ್ನು ಚಾಪೆಯ ಮೇಲೆ ಮಲಗಿಸಿದೆ. ಬಾಗಿಲ ಹೊರಗಿನಿಂದ ಕರೆದೆ. ಹುಡುಗ ಎದ್ದು, ಕರೆದದ್ದು ದೇವಾಲಯದ ಮುದುಕ ಯಾಜಕನೇ ಎಂದುಕೊಂಡು, ಆ ಪಾತ್ರದವನ ಹತ್ತಿರ ಓಡಿದ. "ನಾನು ಕರೀಲಿಲ್ಲ, ಹೋಗಿ ಮಲಗು." ಮತ್ತೆ ಕರೆದೆ, ಮತ್ತೆ ಓಡಿದ. ಮೂರನೆಯ ಸಲವೂ ಓಡಿದ. ಎಡವಿ ಮೊಣಕಾಲು ತರಚಿಕೊಂಡ, ಪಾಪ.

ಅವನ ಮೊಣಕಾಲು ಒರೆಸುತ್ತಿದ್ದಾಗ ಹೊಳೆಯಿತು. ನಾವು ಈ ಕಥೆಯನ್ನು ಚಿಕ್ಕಂದಿನಿಂದ ತಲೆಕೆಳಗಾಗಿ ಓದಿದ್ದೇವೆ. ಹುಡುಗ ಮೂರು ಸಲ ಕರೆಯಲಿ ಎಂದು ಕಾಯಲಿಲ್ಲ. ಮೊದಲನೆಯದಕ್ಕೇ ಎದ್ದ. ಯಾರು ಕರೆದರೆಂದು ಗೊತ್ತಿರಲಿಲ್ಲ, ತಪ್ಪು ಬಾಗಿಲಿಗೆ ಓಡಿದ, ಆದರೂ ಎದ್ದ. ತಡವಾಗಿದ್ದು ಅವನಿಗಲ್ಲ. ಅರ್ಥ ಮಾಡಿಕೊಳ್ಳಲು ಮೂರು ಸಲ ಬೇಕಾದದ್ದು ಮುದುಕನಿಗೆ.

ಅಪ್ಪ ನಮಗೆ ಮುದುಕನ ಪಾಠ ಕಲಿಸಿಬಿಟ್ಟರು.

"ಟೀಚರ್, ಅವನಿಗೆ ಕತ್ತಲೆ ಅಂದ್ರೆ ಭಯ ಇರಲಿಲ್ವಾ?" ಅಂತ ಒಬ್ಬಳು ಕೇಳಿದಳು. ಇತ್ತು ಮಗಳೇ, ತುಂಬ ಇತ್ತು ಅಂದೆ.

ಇಷ್ಟೇ ಪಾಠ. ಶುಕ್ರವಾರ ಸಂಜೆ ಸಭೆಯಲ್ಲಿ ಹಾಡಿನ ಅಭ್ಯಾಸ ಎಂದಿನಂತೆ ನಡೆಯುತ್ತಿದೆ. ಇವರ ಶ್ರಮಕ್ಕೆ ದೇವರು ಪ್ರತಿಫಲ ಕೊಡಲಿ.

ನಿನ್ನ ಅಕ್ಕ

ಓದಿದೆ. ಬಹಳ ಒಳ್ಳೆಯ ಪಾಠ. ನಮ್ಮ ಸಭೆಯ ಪತ್ರಿಕೆಗೂ ಹಾಕಿಸಬಹುದು. — ಭಾವ

*

ಮೇ ೧೫, ಶುಕ್ರವಾರ

ಅಕ್ಕಾ,

ನಿನ್ನ ಮನೆಯ ಎದುರಿನ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದೇನೆ. ನಿನ್ನ ಅಡುಗೆಮನೆಯ ಪರದೆ ಕಾಣುತ್ತಿದೆ. ಅದರ ಹಿಂದೆ ಒಮ್ಮೆ ನೆರಳು ಆಡಿತು.

ಪತ್ರ ಇಂದು ಬೆಳಿಗ್ಗೆ ಕಾರ್ಖಾನೆಗೆ ಬಂತು. ಎದುರಿಗೆ ಒಬ್ಬ ಹೆಂಗಸು ಕಾಲು ಚಾಚಿ ಕೂತಿದ್ದಳು, ಪಟ್ಟಿ ನೀರಿಗೆ ಹಾಕಿಯಾಗಿತ್ತು. ನಾನು ಓದುತ್ತಾ ನಿಂತೆ. ಭಾವನ ಸಾಲಿಗೆ ಬರುವಷ್ಟರಲ್ಲಿ ಬೋಗುಣಿಯಲ್ಲಿ ಪಟ್ಟಿಗಳೆಲ್ಲ ಕಲ್ಲಾಗಿದ್ದವು. ಮೇಸ್ತ್ರಿ ಬಂದು ನೋಡಿ, "ಇದೇನಮ್ಮಾ?" ಅಂದರು. "ತಡ ಮಾಡಿದೆ" ಅಂದೆ. ಅಷ್ಟೇ ಹೇಳಿದ್ದು. ಅವರು ನನ್ನ ಮುಖ ನೋಡಿ ತಾವೇ ಸ್ಟೂಲ್ ಎಳೆದುಕೊಂಡು ಆ ಹೆಂಗಸಿನ ಎದುರು ಕೂತರು. "ಹೋಗು, ಇದನ್ನ ನಾನು ಸುತ್ತುತ್ತೀನಿ" ಅಂದರು. ಏಪ್ರನ್ ಕೂಡ ಬಿಚ್ಚದೆ ಬಸ್ ಹತ್ತಿದೆ.

ಮೂರನೆಯ ಕರೆ ಬಂತೇ ಎಂದು ಕೇಳಿದರೆ, ಬರಲಿಲ್ಲ. ಬಸ್ಸಿನಲ್ಲಿಡೀ ಕಾದೆ. ಈ ಮೆಟ್ಟಿಲ ಮೇಲೂ ಕಾದೆ. ಆಕಾಶ ಬಾಯಿ ಮುಚ್ಚಿಕೊಂಡಿದೆ. ಬಹುಶಃ ಎರಡು ಸಲ ಹೇಳಿದ್ದನ್ನು ಮತ್ತೆ ಹೇಳುವ ಅಗತ್ಯ ಆತನಿಗೆ ಕಂಡಿಲ್ಲ.

ಬೀದಿಯ ಕೊನೆಯಲ್ಲಿ ನಿಮ್ಮ ಸಭೆಯ ಕಟ್ಟಡ. ಹಾಡು ಕೇಳಿಸುತ್ತಿದೆ. ಭಾವನ ಧ್ವನಿ ಎಲ್ಲರ ಮೇಲೆ ಎದ್ದು ಕೇಳುತ್ತದೆ, ನಿಜಕ್ಕೂ ಚೆಂದ ಹಾಡುತ್ತಾರೆ. ಆ ಹಾಡು ಕೇಳುವವರೆಗೆ ಅವರು ಅಲ್ಲಿದ್ದಾರೆ. ಅದು ನಿಂತರೆ ಈ ಬೀದಿಯಲ್ಲಿ ಬರುತ್ತಾರೆ.

ನಿಂತಿತು.

ನಿಂತಿದೆ. ಬೀದಿಯಲ್ಲಿ ಒಂದು ನಾಯಿ ಮಾತ್ರ ಇದೆ. ನಿನ್ನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿರುವುದು ಇಲ್ಲಿಂದ ಕಾಣುತ್ತಿದೆ, ಇಷ್ಟು ಹೊತ್ತು ಅದನ್ನು ನೋಡಿಯೂ ನೋಡದವಳ ಹಾಗೆ ಕೂತಿದ್ದೆ. ಬೀಗ ಇಲ್ಲ. ಬರೀ ಚಿಲಕ.

ಮತ್ತೆ ಶುರುವಾಯಿತು. ಅದೇ ಸಾಲು. ಯಾರೋ ಸ್ವರ ತಪ್ಪಿರಬೇಕು, ತಿದ್ದುತ್ತಿದ್ದಾರೆ.

ಭಯ ಹೋದ ಮೇಲೆ ಏಳೋಣವೆಂದು ಈ ಕಾಗದ ತೆಗೆದೆ. ನೋಡು, ಇಲ್ಲಿ ಬಂದೂ ನಿನಗೆ ಪತ್ರ ಬರೆಯುತ್ತಾ ಕೂತಿದ್ದೇನೆ. ಬೀದಿ ದಾಟಿದರೆ ನೀನು. ಮೊದಲ ದಿನದಿಂದಲೂ ನಾನು ಮಾಡಿದ್ದು ಇದನ್ನೇ. ಹೋಗು ಅಂದರೆ ಬರೆದೆ, ಏಳು ಅಂದರೆ ಬರೆದೆ. ಈ ಸಾಲೂ ತಡವೇ.

ಹಾಡು ಇನ್ನೂ ಕೇಳುತ್ತಿದೆ. ಏಳುತ್ತಿದ್ದೇನೆ.

ಇರುವೆ

*

(ಅದೇ ಹಾಳೆಯ ಹಿಂಬದಿಯಲ್ಲಿ)

ಇರುವೆ,

ಬಸ್ಸು ಕುಲುಕುತ್ತಿದೆ, ಅಕ್ಷರ ಹೀಗೇ. ನೀನು ನನ್ನ ಭುಜದ ಮೇಲೆ ನಿದ್ದೆ ಹೋಗಿದ್ದೀಯ. ನಿನ್ನ ಏಪ್ರನ್ ಜೇಬಿನಿಂದ ಈ ಹಾಳೆ ಇಣುಕುತ್ತಿತ್ತು, ಓದಿದೆ. ನಿನ್ನ ಪತ್ರವನ್ನು ನಾನೊಬ್ಬಳೇ ಓದಿ ಎಷ್ಟು ದಿನವಾಗಿತ್ತು!

ಚಿಲಕ ಸರಿದ ಸದ್ದಿಗೆ ಅವರೇ ಬಂದರೆಂದು ನಾನು ಗೋಡೆಗೆ ಅಂಟಿ ನಿಂತಿದ್ದೆ. ಬಾಗಿಲು ತೆರೆದರೆ ನೀನು. ಮೊಣಕೈ ತನಕ ಪ್ಲಾಸ್ಟರಿನ ಬಿಳಿ ಹಿಟ್ಟು, ಹಲ್ಲು ಕಟಕಟ ಅನ್ನುತ್ತಿದೆ. ಒಬ್ಬರನ್ನು ಬಿಡಿಸಲು ಬಂದವರು ಅಷ್ಟು ಹೆದರಿರುವುದನ್ನು ನಾನು ಕಂಡಿಲ್ಲ. "ಅಕ್ಕಾ, ಬಾ" ಅಂದೆ. ಎರಡೇ ಮಾತು. ಒಲೆಯ ಮೇಲೆ ಹಾಲು ಇತ್ತು. ಒಲೆ ಆರಿಸಿದೆನೋ ಇಲ್ಲವೋ ನೆನಪಿಲ್ಲ. ಚಪ್ಪಲಿ ಮರೆತೆ.

ಪ್ರತಿ ನಿಲ್ದಾಣದಲ್ಲೂ ಬಾಗಿಲ ಕಡೆ ನೋಡುತ್ತೇನೆ. ಹತ್ತುವ ಪ್ರತಿ ಗಂಡಸಿನ ಮುಖ ನೋಡುತ್ತೇನೆ. ಅವರಿಗೆ ನೀಲಿ ಗೇಟು ಗೊತ್ತು, ಎರಡನೆಯ ಕಿಟಕಿ ಗೊತ್ತು. ನಾಳೆ ಏನೆಂದು ಗೊತ್ತಿಲ್ಲ. ನೀನು ಎದ್ದ ಮೇಲೆ ಕೇಳುತ್ತೇನೆ. ನಿನಗೂ ಗೊತ್ತಿರುವುದಿಲ್ಲ.

ಮೊದಲ ಪತ್ರದಲ್ಲಿ ನೀನು ಒಂದು ಮಾತು ಕೇಳಿದ್ದೆ, ಆ ಮಧ್ಯಾಹ್ನ ನಾನು ಏನು ಮಾಡುತ್ತಿದ್ದೆ ಎಂದು. ಬಾತ್‌ರೂಮು ಅಂತ ಬರೆದೆ. ನಿಜವೆಂದರೆ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದೆ, ಕೈ ಮೈ ಕೆಳಗಿತ್ತು. ಅವರು ಹೊರಗೆ ಹೋಗಿದ್ದರು. ಪ್ರಾರ್ಥನೆ ಮಾಡಬೇಕೆಂದು ಬಾಯಿ ತೆರೆದರೆ ದೇವರ ಹೆಸರು ಬರಲಿಲ್ಲ. ನಿನ್ನ ಹೆಸರು ಬಂತು. ಜೋರಾಗಿ ಕರೆದೆ, ಒಂದೇ ಸಲ. ಮತ್ತೆ ಕರೆಯಲು ಉಸಿರಿರಲಿಲ್ಲ.

ಹಾಗಾಗಿ ಮೊದಲನೆಯ ಕರೆ ನನ್ನದು.

ಎರಡನೆಯದು ನಾನಲ್ಲ.

ಅಕ್ಕ